ಸೇತುವೆಯ ಮೇಲೆ ವಾಹನಭಾರ ದುಪ್ಪಟ್ಟು

ಪ್ರಶ್ನೆ: ಹತ್ತು ಮೀಟರ್ ಸ್ಪ್ಯಾನಿನ ಸೇತುವೆಗೆ ಐಆರ್‌ಸಿ ಕ್ಲಾಸ್ ಎ ವಾಹನ ಕೊಟ್ಟರೆ, ಸಾಫ್ಟ್‌ವೇರ್‌ನ ಬೆಂಡಿಂಗ್ ಮೊಮೆಂಟ್ ಕೈಲೆಕ್ಕದ ದುಪ್ಪಟ್ಟು ಬರುತ್ತಿದೆ. ತಪ್ಪೆಲ್ಲಿ?

ಉತ್ತರ: ಆಕ್ಸಲ್ ಭಾರವನ್ನೇ ಚಕ್ರದ ಭಾರವೆಂದು ತುಂಬಿದ್ದೀರೇನೋ, ಮೊದಲು ಅದನ್ನು ನೋಡಿ. 11.4 ಟನ್ ಇಡೀ ಆಕ್ಸಲ್‌ನದು, 1.8 ಮೀಟರ್ ಅಂತರದ ಎರಡು ಚಕ್ರಸಾಲಿಗೆ ತಲಾ 5.7. ಕೆಲವು ಸಾಫ್ಟ್‌ವೇರ್‌ಗಳು ಚಕ್ರದ್ದನ್ನು ಕೇಳುತ್ತವೆ, ಕೆಲವು ಆಕ್ಸಲ್‌ನದನ್ನು. ಮ್ಯಾನ್ಯುಯಲ್ ಓದದೆ ವಿಧಿಯಿಲ್ಲ. ಎರಡು ಲೇನ್‌ಗೂ ವಾಹನ ಬಿಟ್ಟು, ಕೈಲೆಕ್ಕವನ್ನು ಒಂದಕ್ಕೆ ಮಾಡಿದ್ದರೂ ಹೀಗೇ ಆಗುತ್ತದೆ.

ತಪ್ಪು ಹಿಡಿಯಲು ಇಂಪ್ಯಾಕ್ಟ್ ಫ್ಯಾಕ್ಟರ್ ತೆಗೆದು, 11.4 ಟನ್ನಿನ ಒಂದೇ ಆಕ್ಸಲ್ ಅನ್ನು ಸ್ಪ್ಯಾನಿನ ನಡುವೆ ನಿಲ್ಲಿಸಿ. ಸರಳ ಆಧಾರದ ಸೇತುವೆಯಾದರೆ, ಗರ್ಡರ್‌ಗಳನ್ನೆಲ್ಲ ಕೂಡಿಸಿ 28.5 ಟನ್-ಮೀಟರ್ ಬರಬೇಕು. ಬಂದ ಮೇಲಷ್ಟೇ ಪೂರ್ತಿ ವಾಹನ ಓಡಿಸಿ. ಇಂಪ್ಯಾಕ್ಟನ್ನು ವಾಹನದಲ್ಲೊಮ್ಮೆ, ಲೋಡ್ ಕಾಂಬಿನೇಷನ್‌ನಲ್ಲೊಮ್ಮೆ ಸೇರಿಸುವವರೂ ಇದ್ದಾರೆ! ಸೇತುವೆ ಓರೆಯಾಗಿದ್ದರೆ ನಕ್ಷೆಗೆ ಸಹಿ ಬೀಳುವ ಮುನ್ನ ಅನುಭವಿ ಸೇತುವೆ ಎಂಜಿನಿಯರ್ ಒಬ್ಬರಿಗೆ ಮಾಡೆಲ್ ತೋರಿಸಿ.