ಕಣ್ಣಿನ ಆಪರೇಷನ್ ಕೆಟ್ಟಿತೇ? ಮೊದಲು ಚಿಕಿತ್ಸೆ, ಬೆನ್ನಿಗೇ ಫೈಲು

ಪೊರೆ ತೆಗೆಸಿಕೊಂಡು ಕಣ್ಣು ಕೆಡಿಸಿಕೊಂಡವರು ಬೇವೂರು, ಇಳಕಲ್ಲ ಕಡೆಯಿಂದ ನನ್ನ ಹತ್ತಿರ ಬರುವಾಗ ಬಹುತೇಕ ಬರಿಗೈಲೇ ಬರುತ್ತಾರೆ. ಶಿಬಿರಕ್ಕೆ ಕರೆದೊಯ್ದವ “ಚೀಟಿ ನನ್ ಕಡೆ ಇರ್ಲಿ ಅಜ್ಜಾರ” ಎಂದು ಇಸಿದುಕೊಂಡಿರುತ್ತಾನೆ. ಆಮೇಲೆ ಅವನ ಫೋನೇ ಹತ್ತುವುದಿಲ್ಲ.

ಕೇಸಿಗಿಂತ ಮೊದಲು ಕಣ್ಣು. ಆಪರೇಷನ್ ಆದ ಮೇಲೆ ಸ್ವಲ್ಪ ಉರಿಯೂತ ಸಹಜ. ಹನಿ ಔಷಧಕ್ಕೆ ಇಳಿಯುತ್ತದೆ. ಆದರೆ ನೋವು, ಕೆಂಪು ಹೆಚ್ಚುತ್ತ ದೃಷ್ಟಿ ಮಂಜಾದರೆ ಒಳಗೆ ಸೋಂಕು ಇರಬಹುದು. ಕಣ್ಣಿನೊಳಗೇ ಆ್ಯಂಟಿಬಯಾಟಿಕ್ ಚುಚ್ಚಬೇಕಾಗುತ್ತದೆ, ಕೆಲವೊಮ್ಮೆ ಮತ್ತೆ ಶಸ್ತ್ರಚಿಕಿತ್ಸೆ. “ಹಂಗ ಆಗ್ತೈತಿ, ಮುಂದಿನ ವಾರ ಬರ್ರಿ” ಎಂದರೆ ಕೇಳಬೇಡಿ, ಅಂದೇ ಬೇರೆ ಕಣ್ಣಿನ ಆಸ್ಪತ್ರೆಗೆ ಹೋಗಿ ತೋರಿಸಿ.

1. ಫೈಲು ಕೇಳಿ, ಬರವಣಿಗೆಯಲ್ಲೇ. ಎಲ್ಲರೂ ಎಡವುವುದು ಇಲ್ಲೇ; ಬಾಯಿಮಾತಲ್ಲಿ ಕೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ವೈದ್ಯಕೀಯ ಪರಿಷತ್ತಿನ 2002ರ ನಿಯಮದಂತೆ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಒಪ್ಪಿಗೆ ಪತ್ರ, ಆಪರೇಷನ್ ಟಿಪ್ಪಣಿ, ಲೆನ್ಸಿನ ಸ್ಟಿಕ್ಕರ್, ಬಳಸಿದ ಔಷಧದ ಬ್ಯಾಚ್ ನಂಬರ್ ಎಲ್ಲ ಕೇಳಿ. 2019ರ ಜುಲೈನಲ್ಲಿ ಬೆಂಗಳೂರಿನ ಮಿಂಟೋ ಆಸ್ಪತ್ರೆಯಲ್ಲಿ ಪೊರೆ ತೆಗೆಸಿಕೊಂಡ ಹಲವರಿಗೆ ಸೋಂಕಾಗಿ ಕೆಲವರ ದೃಷ್ಟಿಯೇ ಹೋದಾಗ, ಅನುಮಾನ ಬಿದ್ದದ್ದು ಆಪರೇಷನ್‌ನಲ್ಲಿ ಬಳಸಿದ ಔಷಧದ ಮೇಲೆ. ಬ್ಯಾಚ್ ನಂಬರ್ ಇಲ್ಲದೆ ಅಂಥದ್ದನ್ನು ಸಾಬೀತು ಮಾಡುವುದು ಹೇಗೆ?

ಗುಮಾಸ್ತ ಅರ್ಜಿ ತೆಗೆದುಕೊಳ್ಳದಿದ್ದರೆ ಜಗಳ ಬೇಡ, ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕಿನ ಅರ್ಜಿಯೂ ಹಾಕಬಹುದು: ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. ಅರ್ಜಿ 150 ಪದ ದಾಟಿದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ, ಜೋಕೆ.

2. ಎರಡು ವರ್ಷದೊಳಗೆ ಬಾಗಲಕೋಟೆಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಿ. ತಡವಾದರೆ ಸಕಾರಣ ತೋರಿಸಬೇಕು. “ಡಾಕ್ಟ್ರು ಮುಂದಿನ ತಿಂಗ್ಳ ಬಾ ಅಂತಿದ್ರು” ಎಂಬುದನ್ನು ಆಯೋಗ ಒಪ್ಪೀತೆಂದು ನಂಬಿ ಕೂರಬೇಡಿ.

“ಪುಕ್ಕಟೆ ಮಾಡೀವಿ, ಕೇಸ್ ನಡೆಯಂಗಿಲ್ಲ” ಎಂದು ಹೆದರಿಸುತ್ತಾರೆ. ಅರ್ಧ ಸುಳ್ಳು. ಕೆಲವರಿಂದ ಹಣ ಪಡೆದು ಉಳಿದವರಿಗೆ ಉಚಿತ ಸೇವೆ ಕೊಡುವ ಆಸ್ಪತ್ರೆಯಲ್ಲಿ ಪುಕ್ಕಟೆ ರೋಗಿಯೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಎಲ್ಲರಿಗೂ ಪೂರ್ತಿ ಉಚಿತವಾದ ಆಸ್ಪತ್ರೆಗೆ ಮಾತ್ರ ಈ ದಾರಿ ಇಲ್ಲ. ಅದಕ್ಕೆ ಖಾಯಂ ಲೋಕ ಅದಾಲತ್ ಅಥವಾ ಸಿವಿಲ್ ಕೋರ್ಟ್.

ಇನ್ನೊಂದು ಮಾತು: ಕಣ್ಣು ಹೋಯಿತೆಂದ ಮಾತ್ರಕ್ಕೆ ಡಾಕ್ಟರು ತಪ್ಪಿತಸ್ಥರಲ್ಲ. ನಿರ್ಲಕ್ಷ್ಯ ತೋರಿಸಬೇಕು, ಅದಕ್ಕೆ ಬೇರೆ ತಜ್ಞರ ಅಭಿಪ್ರಾಯ ಬೇಕು. ಫೈಲು ನೋಡದೆ ಯಾವ ತಜ್ಞರೂ ಬರೆದು ಕೊಡುವುದಿಲ್ಲ.

3. ವಕೀಲರಿಗೆ ದುಡ್ಡಿಲ್ಲವೇ? 15100ಕ್ಕೆ ಕರೆ ಮಾಡಿ, ಇಲ್ಲವೇ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ. ಬಾಗಿಲಲ್ಲಿ “ಸಾವಿರ ಕೊಟ್ರ ಲಗೂ ಮಾಡಸ್ತೀನಿ” ಎನ್ನುವವ ಸಿಕ್ಕರೆ ಅವನ ಹೆಸರನ್ನೂ ಅಲ್ಲೇ ಬರೆದು ಕೊಡಿ.