ಪಿಯಾನೊದಲ್ಲಿ ತಡೆದ ಸ್ವರ, ಕೂಡಿಸಿದ ಸ್ವರ

ನಮ್ಮ ಸಂಗೀತದಲ್ಲಿ ಸ್ವರಗಳು ಒಂದರ ಹಿಂದೊಂದು ನಡೆಯುವುವು. ಪಾಶ್ಚಾತ್ಯ ಸಂಗೀತದಲ್ಲಿ ಮೂರು ನಾಲ್ಕು ಸ್ವರಗಳು ಏಕಕಾಲದಲ್ಲಿ ನುಡಿಯುವುದೂ ಉಂಟು. ಇಂಥ ಗುಂಪಿಗೆ 'ಕಾರ್ಡ್' ಎಂದು ಹೆಸರು. ನಾವು ಇದನ್ನು ಸ್ವರಗುಚ್ಛವೆಂದು ಕರೆಯೋಣ. ಗುಚ್ಛದ ಒಂದೇ ಸ್ವರವನ್ನು ಬದಲಿಸಿದರೆ, ಅಥವಾ ಒಂದನ್ನು ಸೇರಿಸಿದರೆ, ಕೇಳುವವನಿಗೆ ಏನಾಗುವುದೆಂಬುದನ್ನು ಪಿಯಾನೊದ ಮುಂದೆ ಕುಳಿತೇ ಪರೀಕ್ಷಿಸೋಣ. ಪಿಯಾನೊ ಇಲ್ಲದವರಿಗೆ ವಿದ್ಯುತ್ ಕೀಬೋರ್ಡ್ ಸಾಕು.

ವಾದ್ಯದ ನಡುಭಾಗದಲ್ಲಿ ಎರಡು ಕರಿಯ ಮನೆಗಳು ಜೊತೆಯಾಗಿರುವಲ್ಲಿ, ಅವುಗಳ ಎಡಕ್ಕೆ ತಾಗಿರುವ ಬಿಳಿಯ ಮನೆಯೇ 'ಸಿ'. ಇದನ್ನು ಷಡ್ಜವೆಂದು ಹಿಡಿದರೆ ಬಲಗಡೆಯ ಬಿಳಿಯ ಮನೆಗಳು ಕ್ರಮವಾಗಿ ಚತುಶ್ರುತಿ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಚತುಶ್ರುತಿ ಧೈವತಗಳಾಗುವುವು. ಬಲಗೈಯ ಹೆಬ್ಬೆರಳಿನಿಂದ ಸ, ನಡುಬೆರಳಿನಿಂದ ಗ, ಕಿರುಬೆರಳಿನಿಂದ ಪ ಒತ್ತಿದರೆ 'ಮೇಜರ್' ಗುಚ್ಛ ದೊರೆಯುವುದು. ಅಂತರ ಗಾಂಧಾರಕ್ಕೆ ಬದಲಾಗಿ ಅದರ ಎಡದ ಕರಿಯ ಮನೆಯ ಸಾಧಾರಣ ಗಾಂಧಾರವನ್ನು ಹಿಡಿದರೆ 'ಮೈನರ್'. ಸ, ಪ ಎರಡರಲ್ಲಿಯೂ ಒಂದೇ. ಗುಚ್ಛದ ಜಾತಿಯನ್ನು ಹೇಳುವುದು ಗಾಂಧಾರ.

ಈಗ ಗಾಂಧಾರವನ್ನು ಬಿಟ್ಟು ಉಂಗುರಬೆರಳಿನಿಂದ ಮಧ್ಯಮವನ್ನು ಒತ್ತೋಣ: ಸ, ಮ, ಪ. ಮೇಜರೂ ಅಲ್ಲ, ಮೈನರೂ ಅಲ್ಲ. ಮಾತು ಅರ್ಧಕ್ಕೆ ನಿಂತಂತೆ ಇರುವುದು. ಇದು 'ಸಸ್ಪೆಂಡೆಡ್ ಫೋರ್ತ್'. ಮಧ್ಯಮದಿಂದ ಗಾಂಧಾರಕ್ಕೆ ಇಳಿದೊಡನೆ ಮಾತು ಮುಗಿಯುವುದು. 16ನೆಯ ಶತಮಾನದಲ್ಲಿ ಪಾಲೆಸ್ಟ್ರೀನನಂಥವರು ರಚಿಸಿದ ಇಗರ್ಜಿಯ ಹಾಡುಗಳಲ್ಲಿ ಇದರ ಮೂಲವನ್ನು ಕಾಣಬಹುದು. ಹಿಂದಿನ ಗುಚ್ಛದಲ್ಲಿ ಇಂಪಾಗಿ ಹೊಂದಿದ್ದ ಸ್ವರವೊಂದನ್ನು, ಉಳಿದ ಕಂಠಗಳು ಮುಂದೆ ಸರಿದ ಮೇಲೂ ತಡೆಹಿಡಿದು, ತಾಳದ ಬಲವಾದ ಪೆಟ್ಟಿನಲ್ಲಿ ಘರ್ಷಣೆಯುಂಟುಮಾಡಿ, ಅನಂತರ ಒಂದು ಮೆಟ್ಟಿಲು ಇಳಿಸುತ್ತಿದ್ದರು. ಕಚೇರಿಯಲ್ಲಿ ಸಸ್ಪೆಂಡ್ ಆದವನು ಜಾಗ ಬಿಟ್ಟು ಹೊರಡಬೇಕು. ಸಂಗೀತದಲ್ಲಾದರೋ ಸಸ್ಪೆಂಡ್ ಆದ ಸ್ವರವೇ ಜಾಗ ಬಿಡದೆ ಕುಳಿತಿರುವುದು!

ಇನ್ನು ಕೂಡಿಸಿದ ಸ್ವರ. ಇಲ್ಲಿ ಹೊಸಬರು ತಪ್ಪುವುದು ಹೆಚ್ಚು. ಸ, ರಿ, ಪ ನುಡಿಸಿದರೆ ಗಾಂಧಾರ ಇಲ್ಲದ್ದರಿಂದ ಅದು 'ಸಸ್ಪೆಂಡೆಡ್ ಸೆಕೆಂಡ್'. ಎಡಗೈಯಿಂದ ಮಂದ್ರ ಷಡ್ಜವನ್ನೂ ಬಲಗೈಯಿಂದ ರಿ, ಗ, ಪಗಳನ್ನೂ ನುಡಿಸಿದರೆ 'ಆ್ಯಡೆಡ್ ನೈನ್ತ್'. ಮಂದ್ರ ಷಡ್ಜದಿಂದ ಎಣಿಸಿದರೆ ಆ ರಿಷಭ ಒಂಬತ್ತನೆಯ ಸ್ವರ. ರಿಷಭ ಎರಡರಲ್ಲಿಯೂ ಅದೇ. ಮೊದಲನೆಯದರಲ್ಲಿ ಅದು ಗಾಂಧಾರವನ್ನು ಹೊರದೂಡಿದೆ, ಎರಡನೆಯದರಲ್ಲಿ ಗಾಂಧಾರದ ಪಕ್ಕದಲ್ಲಿ ಕುಳಿತಿದೆ. ಮೊದಲನೆಯದು ಕಾಯುವುದು, ಎರಡನೆಯದು ಬಣ್ಣವೇರಿದ್ದರೂ ನೆಲೆಯಲ್ಲಿಯೇ ಇರುವುದು.

ಈ ಕಾಯುವಿಕೆಗೆ ಕಾರಣವೇನು? ನಡುವಣ ಸ ಸೆಕೆಂಡಿಗೆ ಸುಮಾರು 262 ಸಲ ಕಂಪಿಸುವುದು. ರಿ 294, ಗ 330, ಮ 349, ಪ 392. ಹತ್ತಿರದ ಎರಡು ಸ್ವರಗಳು ಕೂಡಿದಾಗ ಅವುಗಳ ವ್ಯತ್ಯಾಸದಷ್ಟು ಮಿಡಿತಗಳು ಹುಟ್ಟುವುವು. ಎಣಿಸಲಾಗದಷ್ಟು ವೇಗವಾದ ಮಿಡಿತಗಳು ಕಿವಿಗೆ ಒರಟಾಗಿ ತೋರುವುವೆಂದು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದನು. ಮ, ಪಗಳ ನಡುವೆ ಇಂಥ ಮಿಡಿತಗಳು 43. ಇದೇ ಕಾರಣವೆನ್ನೋಣವೇ? ಆದರೆ ರಿ, ಗಗಳ ನಡುವೆಯೂ 36 ಮಿಡಿತಗಳಿವೆ. ಆ ಗುಚ್ಛ ಕಾಯುವುದಿಲ್ಲವಲ್ಲ! ಆದ್ದರಿಂದ ಒರಟುತನ ಬೇರೆ, ಕಾಯುವಿಕೆ ಬೇರೆ.

ಬೊಲಿವಿಯದ ಅರಣ್ಯಪ್ರದೇಶದಲ್ಲಿ, ಪಾಶ್ಚಾತ್ಯ ಸಂಗೀತದ ಪರಿಚಯ ಅತ್ಯಲ್ಪವಾಗಿರುವ ಚಿಮಾನೆ ಜನರ ಮೇಲೆ ನಡೆಸಿದ ಪ್ರಯೋಗಗಳ ಫಲ 2016ರಲ್ಲಿ ಪ್ರಕಟವಾಯಿತು. ಸಂವಾದಿ ಗುಚ್ಛಗಳೂ ವಿಸಂವಾದಿ ಗುಚ್ಛಗಳೂ ಅವರಿಗೆ ಸಮನಾಗಿ ಹಿಡಿಸಿದುವು. ಒರಟು ಧ್ವನಿ ಮಾತ್ರ ಅವರಿಗೂ ಹಿಡಿಸಲಿಲ್ಲ. ನಮ್ಮಲ್ಲಿಯೇ ನೋಡೋಣ. ಮಧ್ಯಮಾವತಿಯಲ್ಲಿ ಗಾಂಧಾರವೇ ಇಲ್ಲ. ನಾವು ನುಡಿಸಿದ ಸ, ರಿ, ಮ, ಪಗಳೆಲ್ಲ ಅದರ ಸ್ವರಗಳೇ. ಆದರೂ ಕಚೇರಿಯನ್ನು ಮಂಗಳಕರವಾಗಿ ಮುಗಿಸಲು ಆರಿಸುವ ರಾಗ ಅದು! ಗಾಂಧಾರಕ್ಕಾಗಿ ಕಾಯುವುದನ್ನು ಕಿವಿ ಬಹುಮಟ್ಟಿಗೆ ರೂಢಿಯಿಂದ ಕಲಿಯುವುದೆಂದು ನಮ್ಮ ಅಭಿಪ್ರಾಯ.

ಪಶ್ಚಿಮದಲ್ಲಿಯೂ ಈ ರೂಢಿ ಸಡಿಲಿದೆ. ಅಮೆರಿಕದ ಹರ್ಬಿ ಹ್ಯಾನ್‌ಕಾಕ್ 1965ರ 'ಮೇಡನ್ ವಾಯೇಜ್' ಎಂಬ ಜಾಸ್ ಕೃತಿಯಲ್ಲಿ ತಡೆದ ಗುಚ್ಛಗಳನ್ನು ಇಳಿಸದೆಯೇ ಒಂದರಿಂದ ಇನ್ನೊಂದಕ್ಕೆ ಸಾಗುವನು. ಮಾಲರ್ 1908-09ರಲ್ಲಿ ರಚಿಸಿದ 'ದಾಸ್ ಲೀಡ್ ಫಾನ್ ಡೆರ್ ಎರ್ಡೆ' ಮುಗಿಯುವುದು ಸ, ಗ, ಪಗಳಿಗೆ ಧೈವತ ಕೂಡಿದ ಗುಚ್ಛದಲ್ಲಿ. ಆ ನಾಲ್ಕನ್ನೂ ಮೆಲ್ಲಗೆ ಒತ್ತಿ ಹಿಡಿದು, ಎಡಗೈಯಿಂದ ಮೊದಲು ಮಂದ್ರ ಷಡ್ಜವನ್ನೂ, ಅದನ್ನು ಬಿಟ್ಟು ಅನಂತರ ಮಂದ್ರ ಧೈವತವನ್ನೂ ನುಡಿಸಿ ನೋಡಬೇಕು. ಬಲಗೈ ಅಲುಗದಿದ್ದರೂ ಮೇಜರ್ ಗುಚ್ಛವು ಮೈನರ್ ಆಗಿ ಕೇಳಿಸುವುದು.