ಜೇಜುರಿ ಟೂರು: ರಸೀದಿ ಜೋಪಾನ

ವಿಜಯಪುರ, ಕಲಬುರಗಿ, ಬೆಳಗಾವಿ ಕಡೆ ಖಂಡೋಬನೇ ಮನೆದೇವರಾಗಿರುವ ಮನೆತನಗಳು ಬಹಳ. ನಮ್ಮ ಮೈಲಾರಲಿಂಗನೇ ಜೇಜುರಿಯ ಖಂಡೋಬ. ಏಳುಕೋಟಿಯ ಘೋಷ ಎರಡೂ ಕಡೆ ಕೇಳುತ್ತದೆ. ಮನೆಯಲ್ಲಿ ಮದುವೆಯಾದರೆ ಹೊಸ ಜೋಡಿ ಜೇಜುರಿಗೆ ಹೋಗಬೇಕು, ಮದುಮಗ ಹೆಂಡತಿಯನ್ನು ಎತ್ತಿಕೊಂಡು ನಾಲ್ಕು ಮೆಟ್ಟಿಲಾದರೂ ಏರಬೇಕು, ಭಂಡಾರ ತೂರಬೇಕು. ಅಷ್ಟು ದೂರ ಹೋಗುವವರು ಪಂಚಗಣಿ, ಮಹಾಬಳೇಶ್ವರಗಳನ್ನೂ ನೋಡಿಬರೋಣ ಎನ್ನುತ್ತಾರೆ. ಮಕ್ಕಳಿಗೆ ಸಮುದ್ರದ ನಡುವಿನ ಜಂಜಿರಾ ಕೋಟೆಯೂ ಬೇಕು. ಹೀಗೆ ಮನೆದೇವರ ಯಾತ್ರೆ ಐದಾರು ದಿನದ ಬಸ್ ಟೂರಾಗುತ್ತದೆ. ಊಟ, ವಸತಿ, ಗೈಡ್ ಎಲ್ಲ ಸೇರಿ ತಲೆಗೆ ಇಷ್ಟು ಎಂದು ಮಾತಾಗುತ್ತದೆ.

ಆ ಮಾತಿಗೆ ಒಪ್ಪಿ ಅಡ್ವಾನ್ಸ್ ಕೊಟ್ಟ ಗಳಿಗೆಯಿಂದ ನೀವು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅರ್ಥದಲ್ಲಿ ಗ್ರಾಹಕರು. ಹಣ ಕೊಟ್ಟ ಹಿರಿಯರು ಮಾತ್ರವಲ್ಲ, ಅವರ ಹಣದಲ್ಲಿ ಸೀಟು ಪಡೆದ ಅತ್ತೆ, ಸೊಸೆ, ಮೊಮ್ಮಕ್ಕಳೂ ಗ್ರಾಹಕರೇ. ಚುನಾವಣೆ ಹತ್ತಿರ ಬಂದಾಗ ಪುಢಾರಿಗಳು ಹೊರಡಿಸುವ ಪುಕ್ಕಟೆ ಯಾತ್ರೆಯ ಬಸ್ಸುಗಳಿಗೆ ಈ ಮಾತು ಅನ್ವಯಿಸದು. ಪುಕ್ಕಟೆ ಸೇವೆಯ ಮೇಲೆ ಗ್ರಾಹಕ ಆಯೋಗದಲ್ಲಿ ದೂರು ನಿಲ್ಲುವುದಿಲ್ಲ.

ಟೂರಿನ ಜಗಳಗಳಲ್ಲಿ ಗೆಲುವು ಸೋಲು ಬಹುಮಟ್ಟಿಗೆ ಬಸ್ಸು ಹೊರಡುವ ಮೊದಲೇ ತೀರ್ಮಾನವಾಗಿರುತ್ತದೆ. ಕರಪತ್ರದ ಮೇಲ್ಭಾಗದಲ್ಲಿ ಕುದುರೆ ಏರಿದ ಖಂಡೋಬ, ಅದರ ಕೆಳಗೆ ಊರುಗಳ ಪಟ್ಟಿ, ತೀರಾ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ‘ಕಾರ್ಯಕ್ರಮ ಬದಲಿಸುವ ಹಕ್ಕು ನಮ್ಮದು’. ನಮ್ಮವರು ಊರುಗಳ ಪಟ್ಟಿ ಓದಿ ಹಣ ಎಣಿಸುತ್ತಾರೆ. ಬಸ್ಸು ಎಸಿಯೋ ಅಲ್ಲವೋ, ಸೀಟರ್ರೋ ಸ್ಲೀಪರ್ರೋ, ಒಂದು ರೂಮಿಗೆ ಎಷ್ಟು ಜನ, ರದ್ದು ಮಾಡಿದರೆ ಎಷ್ಟು ವಾಪಸ್ ಎಂಬುದನ್ನೆಲ್ಲ ‘ಚಿಂತಿ ಮಾಡಬ್ಯಾಡ್ರೀ ಕಾಕಾ, ನಾವಿದ್ದೀವಿ’ ಎಂಬ ಮಾತಿಗೆ ಬಿಟ್ಟುಬಿಡುತ್ತಾರೆ. ಆ ಮಾತನ್ನೇ ವಾಟ್ಸ್‌ಆ್ಯಪ್‌ನಲ್ಲಿ ಹಾಕಿಸಿಕೊಳ್ಳಿ. ಕರಪತ್ರದ ಫೋಟೊ ತೆಗೆದಿಡಿ. ಹಣವನ್ನು ಯುಪಿಐ ಮೂಲಕ ಕೊಟ್ಟರೆ ಮೇಲು. ನಗದು ಕೊಟ್ಟರೆ ರಸೀದಿ ಕೇಳಲೇಬೇಕು. ಬಿಲ್ಲು ಕೊಡಲು ನಿರಾಕರಿಸುವುದನ್ನು ಕಾಯ್ದೆಯೇ ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆದಿದೆ.

ಕಾರ್ಯಕ್ರಮ ಬದಲಿಸುವ ಆ ಸಾಲನ್ನು ಮುಂದಿಟ್ಟುಕೊಂಡು ಟೂರಿನವರು ಏನನ್ನೂ ಮಾಡಬಹುದೇ? ಜುಲೈನಲ್ಲಿ ಹೊರಡುವ ಬಸ್ಸಿನ ಪಟ್ಟಿಯಲ್ಲಿ ಜಂಜಿರಾ ಇದೆ ಎಂದುಕೊಳ್ಳಿ. ಆ ಕೋಟೆಗೆ ರಾಜಪುರಿ ದಕ್ಕೆಯಿಂದ ದೋಣಿಯಲ್ಲೇ ಹೋಗಬೇಕು. ಮಳೆಗಾಲದಲ್ಲಿ ಅರಬ್ಬಿ ಸಮುದ್ರ ಒರಟಾಗುವುದರಿಂದ ದೋಣಿಗಳನ್ನು ನಿಲ್ಲಿಸುತ್ತಾರೆ. ದಂಡೆಗೆ ಕರೆದೊಯ್ದು ದೂರದಿಂದ ಕೋಟೆ ತೋರಿಸಿ ‘ನಿಸರ್ಗದ ಮುಂದೆ ನಮ್ಮದೇನು ನಡೆಯುತ್ತದೆ’ ಎಂದರೆ ಆ ವಾದ ನಿಲ್ಲದು. ಪ್ರತಿವರ್ಷವೂ ಬಂದ್ ಆಗುವುದು ಆ ವ್ಯವಹಾರದಲ್ಲಿರುವವನಿಗೆ ಗೊತ್ತಿರಬೇಕಾದ ಸಂಗತಿ. ಗೊತ್ತಿದ್ದೂ ಪಟ್ಟಿಯಲ್ಲಿ ಸೇರಿಸಿದರೆ ಅದು ದಾರಿತಪ್ಪಿಸುವ ಜಾಹೀರಾತು. ಡಿಸೆಂಬರಿನಲ್ಲಿ ದಿಢೀರನೆ ಚಂಡಮಾರುತದ ಎಚ್ಚರಿಕೆ ಬಂದು ದೋಣಿ ನಿಂತರೆ ಮಾತು ಬೇರೆ. ಆಗ ಅವರ ತಪ್ಪಿಲ್ಲ. ಆದರೂ ಖರ್ಚಾಗದೆ ಉಳಿದ ದೋಣಿಯ ಹಣವನ್ನು ವಾಪಸ್ ಕೇಳುವುದು ನ್ಯಾಯವೇ.

ಜೇಜುರಿಯ ಪಾಳಿಗೂ ಇದೇ ತೂಕ. ಸೋಮವತಿ ಅಮಾವಾಸ್ಯೆಯಂದು ದೇವರ ಪಲ್ಲಕ್ಕಿ ಕರ್ಹಾ ನದಿಗೆ ಸ್ನಾನಕ್ಕೆ ಇಳಿಯುತ್ತದೆ, ಗುಡ್ಡದ ತುಂಬ ಜನವೋ ಜನ. ಅಂದು ಪಾಳಿ ಸರಿಯದೆ ದರ್ಶನ ತಪ್ಪಿದರೆ ಟೂರಿನವರನ್ನು ಕೋರ್ಟಿಗೆಳೆದು ಪ್ರಯೋಜನವಿಲ್ಲ. ಆದರೆ ಕಮಿಷನ್ ಸಿಗುವ ಅಂಗಡಿಯ ಮುಂದೆ ಎರಡು ತಾಸು ಬಸ್ಸು ನಿಲ್ಲಿಸಿ, ಗುಡಿಯ ಬಾಗಿಲು ಹಾಕುವ ಹೊತ್ತಿಗೆ ಮೆಟ್ಟಿಲ ಬುಡಕ್ಕೆ ತಂದಿಳಿಸಿದರೆ ಅದು ಚೊಕ್ಕ ಸೇವಾನ್ಯೂನತೆ. ಅಂಗಡಿಯ ಮುಂದೆ ನಿಂತ ಬಸ್ಸಿನದೊಂದು, ಹಾಕಿದ ಬಾಗಿಲಿನದೊಂದು ಫೋಟೊ ಇದ್ದರೆ ಸಾಕು. ಮೊಬೈಲು ಸಮಯವನ್ನು ತಾನೇ ದಾಖಲಿಸುತ್ತದೆ.

ಬಸ್ಸಿನ ಬಗ್ಗೆಯೂ ಸ್ವಲ್ಪ ನೋಡಿಕೊಳ್ಳಬೇಕು. ಟೂರಿನ ಬಸ್ಸಿಗೆ ಹಳದಿ ನಂಬರ್ ಪ್ಲೇಟ್ ಇರಬೇಕು. ಪರಿಚಯದವರ ಬಿಳಿ ಬೋರ್ಡಿನ ಗಾಡಿ ಅಗ್ಗಕ್ಕೆ ಸಿಗುತ್ತದೆಂದು ಹೊರಟರೆ, ಅಪಘಾತವಾದಾಗ ಪಾಲಿಸಿಯ ಷರತ್ತು ಮುರಿದಿದೆ ಎಂದು ವಿಮಾ ಕಂಪನಿ ತಕರಾರು ತೆಗೆಯುತ್ತದೆ. ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ವಿಮೆ, ಫಿಟ್‌ನೆಸ್ ಯಾವತ್ತಿನವರೆಗೆ ಇದೆ ಎಂಬುದು ಕಾಣುತ್ತದೆ. ಟೂರಿನ ಬಸ್ಸು ದಾರಿಯಲ್ಲಿ ಬೇರೆ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವಂತೆಯೂ ಇಲ್ಲ. ಜೇಜುರಿಯಿಂದ ಪುಣೆ ಐವತ್ತು ಕಿಲೋಮೀಟರಿನ ಆಸುಪಾಸು. ಅಷ್ಟು ದೂರಕ್ಕೆಂದು ಡ್ರೈವರ್ ನಡುದಾರಿಯಲ್ಲಿ ಜನ ತುಂಬಿದರೆ ಬೇಡ ಎನ್ನುವ ಹಕ್ಕು ನಿಮಗಿದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಚಾಲಕನ ದುಡಿಮೆಗೆ ದಿನಕ್ಕೆ 8 ಗಂಟೆಯ ಸಾಮಾನ್ಯ ಮಿತಿ ಹಾಕಿತ್ತು. ರಾತ್ರಿಯಿಡೀ ಓಡಿ ಹಗಲು ಘಾಟಿ ಹತ್ತುವ ಟೂರಾದರೆ ಎರಡನೇ ಡ್ರೈವರ್ ಯಾರು ಎಂದು ಬುಕಿಂಗ್ ಮಾಡುವಾಗಲೇ ಕೇಳಿ. ಹೀಗೆ ಕೇಳುವವರನ್ನು ಕಿರಿಕಿರಿ ಗಿರಾಕಿ ಅನ್ನುತ್ತಾರೆ, ಅನ್ನಲಿ.

ಕೆಟ್ಟ ಗಳಿಗೆ ಬಂದು ಅಪಘಾತವಾದರೆ ಮೊದಲು 112. ಗಾಯಗೊಂಡವರನ್ನು 24 ಗಂಟೆಯೊಳಗೆ ನಿಗದಿತ ಆಸ್ಪತ್ರೆಗೆ ಸೇರಿಸಿದರೆ, 2025ರ ಕೇಂದ್ರದ ಯೋಜನೆಯಡಿ ಅಪಘಾತದ ದಿನದಿಂದ 7 ದಿನಗಳವರೆಗೆ, ತಲಾ 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ಸಿಗುತ್ತದೆ. ಎಫ್‌ಐಆರ್ ಅಲ್ಲಿನ ಠಾಣೆಯಲ್ಲೇ ಆಗುತ್ತದೆ. ಅದರ ಪ್ರತಿಯನ್ನು ಪುಕ್ಕಟೆ ಪಡೆಯುವುದು ಸಂತ್ರಸ್ತರ ಹಕ್ಕು. ಪರಿಹಾರದ ಅರ್ಜಿ ಹಿಡಿದು ಮಹಾರಾಷ್ಟ್ರಕ್ಕೆ ಅಲೆಯಬೇಕಿಲ್ಲ, ನೀವು ವಾಸವಿರುವ ಜಿಲ್ಲೆಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೇ ಹಾಕಬಹುದು. ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಅದಕ್ಕೆ 6 ತಿಂಗಳ ಗಡುವು ಹೇಳುತ್ತದೆ. ದುಃಖದಲ್ಲಿ ದಿನ ಹೋದದ್ದು ಗೊತ್ತಾಗುವುದಿಲ್ಲ. ಮನೆಯ ಒಬ್ಬರು ಈ ಕೆಲಸವನ್ನೇ ಹಿಡಿದುಕೊಳ್ಳಬೇಕು. ಮೇಲೆ ಹೇಳಿದ ಪುಕ್ಕಟೆ ಯಾತ್ರೆಯವರಿಗೂ ಈ ದಾರಿ ಮುಚ್ಚಿಲ್ಲ.

ಇನ್ನು ಹಣದ ದೂರಿನ ವಿಚಾರ. ಊರಿಗೆ ಬಂದಕೂಡಲೇ ಟೂರಿನವರಿಗೆ ಸ್ಪೀಡ್ ಪೋಸ್ಟಿನಲ್ಲಿ ಒಂದು ನೋಟಿಸು ಕಳಿಸಿ. ಏನು ಹೇಳಿದ್ದರು, ಏನು ಕೊಟ್ಟರು, ಎಷ್ಟು ವಾಪಸ್ ಬೇಕು, ಎಷ್ಟು ದಿನದಲ್ಲಿ ಬೇಕು ಎಂದಿದ್ದರೆ ಒಂದೇ ಪುಟ ಸಾಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಿ; ಅವರು ಆದೇಶ ಹೊರಡಿಸಲಾರರು, ಆದರೆ ಎಷ್ಟೋ ಕಡೆ ಅವರ ಒಂದು ವಿಚಾರಣೆಗೇ ಹಣ ಬಂದುಬಿಡುತ್ತದೆ. ಬಾರದಿದ್ದರೆ ಜಿಲ್ಲಾ ಗ್ರಾಹಕ ಆಯೋಗ.

ಹಳೆಯ 1986ರ ಕಾಯ್ದೆಗೂ ಈಗಿನದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಮೊದಲು ಎದುರಾಳಿಯ ಕಚೇರಿ ಇದ್ದಲ್ಲಿಗೋ ಜಗಳ ನಡೆದಲ್ಲಿಗೋ ಹೋಗಬೇಕಿತ್ತು. ಈಗ 34ನೇ ಕಲಮಿನ ಪ್ರಕಾರ ನೀವು ವಾಸವಿರುವ ಊರಿನ ಆಯೋಗವೇ ಸಾಕು. ಪುಣೆಯ ಟೂರ್ ಕಂಪನಿಯ ಮೇಲೆ ವಿಜಯಪುರದಲ್ಲಿ ಕೂತು ದೂರು ಕೊಡಬಹುದು. ತಕರಾರುಗಳೆಲ್ಲ ಮಧ್ಯಸ್ಥಿಕೆಗೇ ಹೋಗಬೇಕು ಎಂಬ ಷರತ್ತೂ ಗ್ರಾಹಕ ಆಯೋಗದ ಬಾಗಿಲು ಮುಚ್ಚಲಾರದು ಎಂಬ ನಿಲುವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಕೊಟ್ಟ ಹಣ 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯವಲ್ಲ. ದೂರಿಗೆ 2 ವರ್ಷದ ಕಾಲಮಿತಿ ಇದೆ. ಆನ್‌ಲೈನ್‌ನಲ್ಲಿ ಇ-ಜಾಗೃತಿ ಮೂಲಕವೂ ಸಲ್ಲಿಸಬಹುದು. ಒಂದು ಮನೆಯವರೆಲ್ಲ ಸೇರಿ ಒಂದೇ ದೂರು ಕೊಡಬಹುದು. ಇಡೀ ಬಸ್ಸಿನವರ ಪರವಾಗಿ ಒಬ್ಬರೇ ಕೊಡಬೇಕಾದರೆ ಆಯೋಗದ ಅನುಮತಿ ಪಡೆಯಬೇಕು. ಬರವಣಿಗೆಗೆ ಕೈ ನಡುಗುವವರು 15100ಕ್ಕೆ ಕರೆ ಮಾಡಿ ಕಾನೂನು ಸೇವಾ ಪ್ರಾಧಿಕಾರದ ನೆರವು ಕೇಳಲಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ.

ಕೇಳುವಾಗ ಅಳತೆ ಇರಲಿ. ತಪ್ಪಿದ ಜಾಗದ, ಇಳಿಸಿದ ರೂಮಿನ ಪಾಲಿನ ಹಣ, ಅದಕ್ಕೆ ಬಡ್ಡಿ, ಮಾನಸಿಕ ಯಾತನೆಗೆ ಒಂದಿಷ್ಟು, ದಾವೆಯ ಖರ್ಚು ಎಂದು ಬಿಡಿಬಿಡಿಯಾಗಿ ಬರೆಯಿರಿ. ಐವತ್ತು ಸಾವಿರದ ಟೂರಿಗೆ ಐದು ಲಕ್ಷ ಕೇಳಿದರೆ ಉಳಿದ ಮಾತಿನ ಮೇಲೂ ನಂಬಿಕೆ ಹೋಗುತ್ತದೆ. ಆದೇಶವಾದ ಮೇಲೆ ಎದುರಾಳಿ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು, ಆದರೆ ಆದೇಶದ ಅರ್ಧ ಹಣವನ್ನು ಮೊದಲು ಠೇವಣಿ ಇಡಬೇಕು. ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಎಂದಾದರೆ ಅದೇ ಜಿಲ್ಲಾ ಆಯೋಗದಲ್ಲಿ ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ 72ನೇ ಕಲಮಿನಲ್ಲಿ 1 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, ಇಲ್ಲವೇ 25 ಸಾವಿರ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಇಲ್ಲವೇ ಎರಡೂ ಇವೆ.